ಚಿಲಕ ಹಾಕಿದ ಬಚ್ಚಲು

ದಾರ ಹಿಡಿದರೆ ಪಾರ್ಲರಕ್ಕನದು ಎತ್ತಿದ ಕೈ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಬೆರಳಿಗೆ ಸುತ್ತಿ ಸರ್ರನೆ ಎಳೆದಳೆಂದರೆ ಹುಬ್ಬು ಬರೆದಿಟ್ಟ ಹಾಗೆ. ಟೈಲರ್ ಅಂಗಡಿಯ ಮೇಲೆ ಅವಳ ಬ್ಯೂಟಿ ಪಾರ್ಲರ್, ಒಂದೇ ಕೋಣೆ, ಎರಡು ಕುರ್ಚಿ, ಗೋಡೆಯುದ್ದ ಕನ್ನಡಿ. ಹಲ್ಲಿನಲ್ಲಿ ದಾರ ಇರುವಷ್ಟು ಹೊತ್ತು ಅವಳು ಮಾತಾಡುವಂತಿರಲಿಲ್ಲ. ಹಾಗಾಗಿ ಬೀದಿಯ ಸುದ್ದಿಯೆಲ್ಲ ಅವಳ ಕಿವಿಗೇ ಬಂದು ಬೀಳುತ್ತಿತ್ತು.

ಕೂದಲು ಅವಳ ಗದ್ದದ ಮೇಲೂ ಬರುತ್ತಿತ್ತು. ಒಂದೆರಡಲ್ಲ, ದಪ್ಪಗೆ, ಕಪ್ಪಗೆ. ಪಾರ್ಲರಿನವಳ ಮುಖವೇ ಹೀಗಿದ್ದರೆ ಯಾರು ಬಂದಾರು? ಬೆಳಗ್ಗೆ ಬಚ್ಚಲಿನ ಚಿಲಕ ಹಾಕಿಕೊಂಡು ದಿನಾ ಕಿತ್ತುಬಿಡುತ್ತಿದ್ದಳು. ಮುಟ್ಟಿನ ಕಥೆಯೂ ಅಷ್ಟೇ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. “ನಮ್ಮನೆ ಹೆಣ್ಮಕ್ಕಳಿಗೆಲ್ಲ ಹೀಗೇ” ಎಂದು ಅಮ್ಮ ಅಂದಿದ್ದಳು. ಔಷಧಿ ಅಂಗಡಿಯವನು ಕೊಟ್ಟ ಮಾತ್ರೆ ನುಂಗಿದರೆ ತಿಂಗಳಿಗೆ ಸರಿಯಾಗಿ ಬರುತ್ತಿತ್ತು. ಬಂತಲ್ಲ, ಇನ್ನೇನು ಎಂದುಕೊಂಡಳು.

ಮದುವೆಯಾಗಿ ವರ್ಷಗಳು ಕಳೆದರೂ ಮಡಿಲು ತುಂಬಲಿಲ್ಲ. ಗಂಡ ಸಿಟಿ ಬಸ್ ಡ್ರೈವರ್, ಮಾತು ಕಡಿಮೆ. ಅವನೇ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಆವತ್ತು ಅವಳು ಎಂದಿಗಿಂತ ಹೆಚ್ಚು ಹೊತ್ತು ಬಚ್ಚಲಿನಲ್ಲಿದ್ದಳು.

“ಮುಟ್ಟು ಸರಿಯಾಗಿ ಆಗುತ್ತಾ?” ಡಾಕ್ಟರು ಕೇಳಿದರು.

“ಆಗುತ್ತೆ ಸರ್.” ಮಾತ್ರೆಯ ಸುದ್ದಿ ಎತ್ತಲಿಲ್ಲ.

“ಮುಖದ ಮೇಲೆ ಕೂದಲು ಏನಾದ್ರೂ ಬರುತ್ತಾ?”

“ಇಲ್ಲ ಸರ್.”

ಗಂಡ ಪಕ್ಕದಲ್ಲೇ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಡಾಕ್ಟರು ಅವಳ ನುಣುಪು ಗದ್ದ ನೋಡಿ ನಂಬಿದರು. ಶಕ್ತಿಯ ಮಾತ್ರೆ ಬರೆದುಕೊಟ್ಟು, ಇನ್ನೂ ಸ್ವಲ್ಪ ಕಾಯಿರಿ ಎಂದರು. ಗಂಡ ಹೆಂಡತಿ ಕಾದರು. ಕಾಯುವುದೇ ಅಭ್ಯಾಸವಾಯಿತು.

ಪಾರ್ಲರಿಗೆ ತುಂಬು ಬಸುರಿಯರು ಬಂದು ಕೂರುತ್ತಿದ್ದರು. “ನಿಮಗೆ ಮಕ್ಕಳೆಷ್ಟಕ್ಕ?” ಎಂದು ಕೇಳುತ್ತಿದ್ದರು. ಹಲ್ಲಿನಲ್ಲಿ ದಾರವಿದ್ದದ್ದು ಒಳ್ಳೆಯದೇ ಆಗುತ್ತಿತ್ತು. ದಾರ ಬಿಗಿ ಮಾಡಿ ಇನ್ನೊಂದು ಹುಬ್ಬಿಗೆ ಕೈ ಹಾಕುತ್ತಿದ್ದಳು. ಊರ ಬಾಯಿ ಹೊಲಿಯುವಷ್ಟು ದಾರ ಯಾರ ಹತ್ತಿರ ಇದೆ?

ಹೀಗೇ ವಯಸ್ಸು ನಲವತ್ತು ದಾಟಿತು. ಒಂದು ದಿನ ಪಾರ್ಲರಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಪ್ಲಾಸ್ಟರ್ ಹಾಕಿದ ಕೈಯಲ್ಲಿ ದಾರ ಹಿಡಿಯುವುದೆಂತು? ಬೇರೆ ಪಾರ್ಲರಿಗೆ ಹೋಗುವ ಮಾತೇ ಇಲ್ಲ, ಪ್ರಾಣ ಹೋದರೂ ಸರಿ. ಬಾಯಿಗೆ ಮಾಸ್ಕ್ ಹಾಕಿಕೊಂಡು, ನೆಗಡಿ ಎಂದು ಎಲ್ಲರಿಗೂ ಹೇಳಿದಳು. ಅಷ್ಟು ದಿನದ ನೆಗಡಿಯನ್ನು ಯಾರು ನಂಬಿದರೋ ಕಾಣೆ.

ಪ್ಲಾಸ್ಟರ್ ಬಿಚ್ಚುವಾಗ ಮಾಸ್ಕ್ ಜಾರಿತು. ಮೂಳೆ ಡಾಕ್ಟರಮ್ಮ ಗದ್ದ ನೋಡಿ, ಕೆಳಗಿನ ಮಹಡಿಯ ಹೆಂಗಸರ ಡಾಕ್ಟರ ಹತ್ತಿರ ಕಳಿಸಿದರು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯಿತು. ಈ ಸಲ ಔಷಧಿ ಅಂಗಡಿಯ ಮಾತ್ರೆಯ ವಿಷಯವನ್ನೂ ಅವಳು ಆ ಡಾಕ್ಟರಿಗೆ ಹೇಳಿದಳು.

“ಗಂಡು ಹಾರ್ಮೋನು ಎಲ್ಲ ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತಮ್ಮ. ನಿಮಗೆ ಜಾಸ್ತಿ. ಕೂದಲು ಬರೋದು ಅದಕ್ಕೇ. ಅಂಡ ಬಲಿತು ಹೊರಗೆ ಬರದೇ ಇದ್ದದ್ದೂ ಅದಕ್ಕೇ. ಆ ಮಾತ್ರೆಯಿಂದ ರಕ್ತ ಹೋಗ್ತಿತ್ತು, ಅಷ್ಟೇ.”

“ಈಗ ಏನೂ ಮಾಡಕ್ಕಾಗಲ್ವಾ?”

“ಮೊದಲೇ ಗೊತ್ತಾದ್ರೆ ಔಷಧಿಯಲ್ಲೇ ಎಷ್ಟೋ ಜನಕ್ಕೆ ಮಕ್ಕಳಾಗುತ್ತೆ. ಈಗ ನಿಮ್ಮ ವಯಸ್ಸಿಗೆ ಕಷ್ಟಮ್ಮ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ. ಮೈ ದಿನಾ ಬೆಳಗ್ಗೆ ಹೇಳುತ್ತಿದ್ದುದನ್ನು ಅವಳು ದಿನಾ ಬೆಳಗ್ಗೆ ಕಿತ್ತೆಸೆದಿದ್ದಳು.

ಸಂಜೆ ಡ್ಯೂಟಿ ಮುಗಿಸಿ ಬಂದ ಗಂಡ ಖಾಕಿ ಅಂಗಿ ಬಿಚ್ಚುವ ಮುಂಚೆಯೇ ಎಲ್ಲ ಹೇಳಿದಳು. “ನಿಮ್ಮಿಂದಾನೂ ಮುಚ್ಚಿಟ್ಟೆ. ಆ ಡಾಕ್ಟರಿಗೂ ಸುಳ್ಳು ಹೇಳಿದೆ. ಎಲ್ಲ ನನ್ನ ಕೈಯಾರೆ ಮಾಡ್ಕೊಂಡೆ.”

ಅವನು ಅವಳ ಪಕ್ಕದಲ್ಲಿ ಬಂದು ಕೂತ.

“ನನಗೆ ಮೊದಲಿಂದ್ಲೂ ಗೊತ್ತಿತ್ತು ಕಣೇ,” ಎಂದ. “ನೀನು ಒರಗಿ ಮಲಗಿದಾಗ ನಿನ್ನ ಗದ್ದ ನನ್ನ ಭುಜಕ್ಕೆ ಚುಚ್ಚುತ್ತಿತ್ತು. ಅವತ್ತು ಡಾಕ್ಟರು ಕೇಳಿದಾಗ ಹೇಳೋಣ ಅಂತ ಬಾಯಿ ತನಕ ಬಂತು. ನಿನಗೆ ಅವಮಾನ ಆಗುತ್ತೆ ಅಂತ ಸುಮ್ಮನಾದೆ.”

ಅವನನ್ನು ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡೂ ಆಗದೆ ಅವನ ಅಂಗಿಯ ತೋಳು ಹಿಡಿದುಕೊಂಡು ಅತ್ತಳು. ಅವನೂ ಅತ್ತ.

ಮರುದಿನ ಬೆಳಗ್ಗೆ ದಾರ ಹಿಡಿದು ಬಚ್ಚಲಿಗೆ ಹೋದವಳು ಚಿಲಕ ಹಾಕಲಿಲ್ಲ.