ಹಳೆ ಬೆಡ್‌ಶೀಟಿನಡಿಯ ನಾಲ್ಕು ಟಯರು

ಬಿಜೈಯ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಏಳು ವರ್ಷ ನಾಲ್ಕು ಹೊಸ ಟಯರುಗಳಿದ್ದವು. ಒಂದರ ಮೇಲೊಂದು ಪೇರಿಸಿ ಹಳೆಯ ಬೆಡ್‌ಶೀಟ್ ಹೊದೆಸಿದ್ದೆ. ನೆಂಟರು ಬಂದರೆ ಅದನ್ನೊಂದು ಮೇಜೆಂದುಕೊಂಡು ಚಹಾದ ಲೋಟ ಇಡುತ್ತಿದ್ದರು. ಅದು ನನಗೆ ಸೇರುತ್ತಿರಲಿಲ್ಲ. ಮೆಲ್ಲಗೆ ಲೋಟ ಎತ್ತಿ ಬೇರೆ ಕಡೆ ಇಡುತ್ತಿದ್ದೆ.

ನನ್ನ ಗಂಡ ಗಲ್ಫಿನಲ್ಲಿ ಡ್ರೈವರ್ ಆಗಿದ್ದರು. ಮರುಭೂಮಿಯೊಳಗಿನ ಸೈಟುಗಳಿಗೆ ದೊಡ್ಡ ಟಯರಿನ ಪಿಕಪ್ ಓಡಿಸುವ ಕೆಲಸ. ನಾನು ಇಲ್ಲಿ ಗಿಡ ಮಾರುತ್ತೇನೆ. ಕೊಡಿಯಾಲ್‌ಬೈಲಿನ ಫ್ಲ್ಯಾಟುಗಳ ಬಾಲ್ಕನಿಗಳಿಗೆ ಗಿಡದ ಚಟ್ಟಿ, ಮಣ್ಣು, ಗೊಬ್ಬರ ತಲುಪಿಸಲು ನಮಗೂ ಒಂದು ಪಿಕಪ್ ಇದೆ. ಅದನ್ನು ಓಡಿಸಲು ಕಲಿಸಿದವರೂ ಅವರೇ, ಒಂದು ರಜೆಯಲ್ಲಿ, ನನ್ನನ್ನು ಎರಡು ಸಲ ಅಳಿಸಿ.

ಮದುವೆಯಾದ ಹೊಸತರಲ್ಲಿ ನಾವಿಬ್ಬರು ದೋಣಿಯಲ್ಲಿ ಹೊಳೆ ದಾಟಿ, ಹೊಳೆಗೂ ಕಡಲಿಗೂ ನಡುವೆ ಇರುವ ಮರಳುದಂಡೆ ಬೆಂಗ್ರೆಗೆ ಹೋಗಿದ್ದೆವು. ಮರಳಿನಲ್ಲಿ ನನ್ನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಬರಿಗಾಲಲ್ಲಿ ಬಿಸಿ ಮರಳಿನ ಮೇಲೆ ಕುಣಿಯುತ್ತಿದ್ದ ನನ್ನನ್ನು ನೋಡಿ ಅವರು ನಕ್ಕರು. ನಮ್ಮ ಮನೆಮಾತು ಕೊಂಕಣಿ, ಅದರಲ್ಲಿ ಅವರು ಹೇಳಿದ್ದು ಇಷ್ಟು: "ಒಂದು ದಿನ ನಿನ್ನನ್ನು ಇಲ್ಲಿಗೆ ಗಾಡಿಯಲ್ಲೇ ಕರ್ಕೊಂಡು ಬರ್ತೇನೆ. ಕಡಲಿನ ಬದಿವರೆಗೆ." ಮರುವಾರ ವಿಮಾನ ಹತ್ತಿದರು. ನಾನು ಆ ಮಾತನ್ನು ಹಿಡಿದುಕೊಂಡು ಕೂತೆ.

ಪಿಕಪ್ ಕೊಂಡ ಮೇಲೆ ಬಂದ ರಜೆಯಲ್ಲಿ ಟಯರಂಗಡಿಗೆ ಹೋದೆವು. ಗಾಡಿಯ ಜೊತೆ ಬಂದ ಕಂಪನಿ ಟಯರಿನಲ್ಲಿ ಮರಳಿಗೆ ಇಳಿಯುವ ಹಾಗಿಲ್ಲ, ದೊಡ್ಡದೇ ಬೇಕು ಎಂದು ಅವರ ಹಟ. ಅವರು ಬೆರಳು ಮಾಡಿದ ಟಯರನ್ನು ಅಂಗಡಿಯವರು ಮುಂದಿನ ಚಕ್ರದ ಪಕ್ಕ ನಿಲ್ಲಿಸಿದರು, ಸ್ಟೇರಿಂಗ್ ಪೂರ್ತಿ ತಿರುಗಿಸಿ ಸಂದಿಯೊಳಗೆ ಕೈ ತೂರಿಸಿ ನೋಡಿದರು.

"ಇದು ತಾಗ್ತದೆ ಸರ್. ಟರ್ನ್ ಮಾಡುವಾಗ ಮಡ್‌ಗಾರ್ಡಿಗೆ ಉಜ್ಜಿ ಉಜ್ಜಿ ಹಾಳಾಗ್ತದೆ. ಇದಕ್ಕಿಂತ ಒಂದು ಸೈಜ್ ಕಡಿಮೆ ಮಾಡುವ."

ಎರಡು ಗಂಟೆ ಚರ್ಚೆ ನಡೆಯಿತು. ನನ್ನನ್ನು ನೋಡಲು ಬಂದ ದಿನವೂ ಅವರು ಅಷ್ಟು ಹೊತ್ತು ಕೂತಿರಲಿಲ್ಲ. ನಡುವೆ ನಾನು ನನ್ನ ಕಷ್ಟ ಹೇಳಿದೆ. "ಗಾಡಿ ಒಂದಿಂಚು ಎತ್ತರ ಆಗ್ತದಂತೆ. ಮಣ್ಣು ತುಂಬಿದ ಚಟ್ಟಿ ಅಷ್ಟು ಮೇಲೆ ಎತ್ತುವುದು ಯಾರು?"

"ಎತ್ತಲಿಕ್ಕೆ ನಾನಿರ್ತೇನಲ್ಲ ಮಾರಾಯ್ತಿ."

ಆ ಮಾತಿಗೆ ನಾನು ಕರಗಿಬಿಟ್ಟೆ. ಅಂಗಡಿಯವರು ಹೇಳಿದ ಸೈಜಿಗೆ ಆರ್ಡರ್ ಕೊಟ್ಟು ಬಂದೆವು.

ಟಯರುಗಳು ಬಂದದ್ದು ಅವರು ಹೊರಡುವ ಹಿಂದಿನ ದಿನ. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾ ಅವರು, "ಈಗ ಬೇಡ. ಮುಂದಿನ ಸಲ ನಾನೇ ಹಾಕಿಸಿ ನಾನೇ ಮೊದಲು ಓಡಿಸ್ತೇನೆ" ಎಂದರು. ಗಲ್ಫಿನವರ ಮನೆಗಳಲ್ಲಿ ಇದೇನೂ ಹೊಸತಲ್ಲ. ಒಳ್ಳೆಯದೆಲ್ಲ ಅವರು ಬಂದ ಮೇಲೆ. ನಮ್ಮಲ್ಲೂ ಗಾಜಿನ ತಟ್ಟೆಗಳು ರಟ್ಟಿನ ಪೆಟ್ಟಿಗೆಯಲ್ಲೇ ಇದ್ದವು, ಹೂವಿನ ಕಂಬಳಿ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಟಯರುಗಳೂ ಆ ಸಾಲಿಗೆ ಸೇರಿದವು.

ಮುಂದಿನ ಸಲ ಅವರು ಬಂದದ್ದು ಅತ್ತೆಯ ಮರಣಕ್ಕೆ. ಆಗ ಟಯರಿನ ಮಾತೆತ್ತುವುದು ಹೇಗೆ? ಆಮೇಲೆ ಕೊರೊನಾ ಬಂತು. ಆಮೇಲೆ ಅಲ್ಲಿ ಇವರು ಕೆಲಸಕ್ಕಿದ್ದ ಕಂಪನಿ ಮುಚ್ಚಿ ಇನ್ನೊಂದಕ್ಕೆ ಸೇರಿದರು. ಅಲ್ಲಿ ರಜೆ ಕೇಳುವ ಹಾಗೇ ಇರಲಿಲ್ಲ. ಪ್ರತಿ ಶುಕ್ರವಾರ ಮಧ್ಯಾಹ್ನ ಫೋನ್ ಮಾತ್ರ ತಪ್ಪುತ್ತಿರಲಿಲ್ಲ. ನನ್ನ ಸೊಂಟನೋವು ಕೇಳುವ ಮೊದಲು, "ಟಯರ್ ಹೇಗುಂಟು?" ಎಂದು ಕೇಳುತ್ತಿದ್ದರು.

"ನಿಮ್ಮನ್ನು ಕಾಯ್ತಾ ಉಂಟು" ಎನ್ನುತ್ತಿದ್ದೆ.

ಆಗ ಅವರು ಮರುಭೂಮಿಯ ಕತೆ ಹೇಳುತ್ತಿದ್ದರು. ಮರಳಿಗೆ ಇಳಿಯುವ ಮೊದಲು ಗಾಡಿ ನಿಲ್ಲಿಸಿ ಟಯರಿನ ಗಾಳಿ ಸ್ವಲ್ಪ ಬಿಡಬೇಕು, ಆಗ ಅದು ಅಗಲವಾಗಿ ಕೂತು ಹೂತುಹೋಗುವುದಿಲ್ಲ ಎಂದೆಲ್ಲ. ನಾನು ಕಣ್ಣು ಮುಚ್ಚಿ ಬೆಂಗ್ರೆಯ ಮರಳಿನ ಮೇಲೆ ಅವರ ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದೆ. ಎಷ್ಟು ಶುಕ್ರವಾರ ಹಾಗೆ ಕೂತೆನೋ ನನಗೇ ಗೊತ್ತಿಲ್ಲ.

ಈ ನಡುವೆ ಕಂಪನಿ ಟಯರುಗಳು ಸವೆದು ನುಣ್ಣಗಾದವು. "ಅಕ್ಕ, ಮನೆಯಲ್ಲಿ ದೊಡ್ಡದು ಉಂಟಲ್ಲ, ಅದೇ ಹಾಕುವನಾ?" ಎಂದರು ಅಂಗಡಿಯವರು. "ಬೇಡ, ಅದು ಅವರು ಬಂದ ಮೇಲೆ" ಎಂದೆ. ಮೊದಲಿನ ಸಣ್ಣ ಸೈಜಿನದ್ದನ್ನೇ ಮತ್ತೆ ಹಾಕಿಸಿಕೊಂಡು ಬಂದೆ. ಇದು ಪೆದ್ದುತನ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

ಕಳೆದ ವರ್ಷ ಅವರು ಪೂರ್ತಿಯಾಗಿ ಊರಿಗೆ ಬಂದರು. ಮೂರನೆಯ ದಿನವೇ ಬೆಡ್‌ಶೀಟ್ ತೆಗೆದು, ನಾಲ್ಕೂ ಟಯರು ಪಿಕಪ್ಪಿಗೆ ಹೇರಿ ಅಂಗಡಿಗೆ ಒಯ್ದೆವು. ಹೊಸ ಟಯರಿನ ಮೇಲಿರುವ ಸಣ್ಣ ರಬ್ಬರ್ ಕೂದಲು ಇನ್ನೂ ಹಾಗೇ ಇತ್ತು. ಅಂಗಡಿಯವರು ಬದಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. ಅಲ್ಲಿದ್ದ ನಾಲ್ಕು ಅಂಕಿಗಳನ್ನು ಒರೆಸಿ ಓದಿದರು. ಅದು ಟಯರು ತಯಾರಾದ ವಾರ ಮತ್ತು ವರ್ಷವಂತೆ.

"ಓಡದಿದ್ರೂ ರಬ್ಬರಿಗೆ ಪ್ರಾಯ ಆಗ್ತದೆ ಸರ್. ಇದನ್ನು ಹಾಕುವುದು ಬೇಡ."

ನನಗೆ ಟಯರಿನ ಮೇಲಲ್ಲ, ನನ್ನ ಮೇಲೆಯೇ ಕನಿಕರ ಬಂತು. ಇವರು ಮಾತ್ರ, "ಹಾಗಾದ್ರೆ ಅದೇ ಸೈಜಿನ ಹೊಸತು ತರಿಸಿ" ಎಂದರು. ನಾಲ್ಕು ದಿನ ಆಗುತ್ತದೆ ಎಂದರು ಅಂಗಡಿಯವರು.

"ಇನ್ನು ಒಂದು ದಿನವೂ ಕಾಯ್ಲಿಕ್ಕೆ ಆಗುದಿಲ್ಲ ನನಗೆ. ಇದ್ದ ಟಯರಿನಲ್ಲೇ ಹೋಗುವ. ಹೂತ್ರೆ ಹೂತುಹೋಗ್ಲಿ" ಎಂದೆ. ನನ್ನ ಮುಖ ನೋಡಿ ಇವರು ಗಾಡಿ ಹತ್ತಿದರು.

ಕೂಳೂರು ಸೇತುವೆ ದಾಟಿ ಸುತ್ತುದಾರಿಯಲ್ಲಿ ಬೆಂಗ್ರೆಗೆ ಹೋದೆವು. ಗಾಳಿಮರಗಳ ಹಿಂದೆ ಡಾಮರು ಮುಗಿದು ಮರಳು ಶುರುವಾಗುವಲ್ಲಿ ಎದುರಿನಿಂದ ಒಂದು ಪಿಕಪ್ ಬಂತು. ನಮ್ಮದೇ ಮಾದರಿ, ನಮ್ಮದರಷ್ಟೇ ಸಣ್ಣ ಟಯರು. ಬಲೆ ಹೇರಿಕೊಂಡು ಆರಾಮವಾಗಿ ಮರಳು ದಾಟಿ ಹೋಯಿತು. ಇವರು ಇಳಿದು ಕೀಯ ತುದಿಯಿಂದ ನಮ್ಮ ನಾಲ್ಕೂ ಟಯರುಗಳ ಗಾಳಿ ಸ್ವಲ್ಪ ಬಿಟ್ಟರು. ಮತ್ತೆ ಹತ್ತಿ ಮೆಲ್ಲಗೆ ಓಡಿಸಿದರು. ಎಲ್ಲಿಯೂ ಹೂತುಹೋಗಲಿಲ್ಲ. ಕಡಲಿನ ಬದಿವರೆಗೆ ಹೋಗಿ ನಿಂತೆವು.

ನಾನು ಇಳಿಯಲಿಲ್ಲ.

"ದೊಡ್ಡ ಟಯರ್ ಬೇಕಾಗಿಯೇ ಇರ್ಲಿಲ್ಲ ಅಲ್ವಾ?"

"ಇಲ್ಲ."

"ನಿಮಗೆ ಗೊತ್ತಿತ್ತಾ?"

ಅವರು ಕಡಲನ್ನೇ ನೋಡುತ್ತಿದ್ದರು. "ಮೊದಲಿಗೆ ಇಲ್ಲ. ಆಮೇಲೆ ಅಲ್ಲಿ ಸಣ್ಣ ಟಯರಿನವರೂ ಗಾಳಿ ಬಿಟ್ಟು ಹೋಗುದು ನೋಡಿ ಗೊತ್ತಾಯ್ತು."

"ಮತ್ತೆ ಫೋನಿನಲ್ಲಿ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾನಿಲ್ಲದೆ ನೀನೊಬ್ಬಳೇ ಬಂದುಬಿಡ್ತಿದ್ದಿ."

ಬರುತ್ತಿದ್ದೆ. ಖಂಡಿತ ಬರುತ್ತಿದ್ದೆ. ಮನೆಯಿಂದ ಅರ್ಧ ಮುಕ್ಕಾಲು ಗಂಟೆಯ ದಾರಿ, ಅಂಗಳದಲ್ಲಿ ಗಾಡಿ, ಕೈಯಲ್ಲಿ ಲೈಸೆನ್ಸ್. ಸಿಟ್ಟು ಬಂತು. ಆ ಮನುಷ್ಯ ಅಷ್ಟು ದೂರದಲ್ಲಿ ಕೂತು ಇದಕ್ಕೆ ಹೆದರಿದ್ದರಲ್ಲ ಎಂದು ಅಳುವೂ ಬಂತು. ಕೀಗೆ ಕೈ ಒಡ್ಡಿದೆ. ಅವರು ಕೊಟ್ಟರು.

ವಾಪಸು ಬರುವಾಗ ಗಾಡಿ ಓಡಿಸಿದ್ದು ನಾನು. ಏಳು ವರ್ಷ ನಾನು ಕಣ್ಣು ಮುಚ್ಚಿ ಕೂರುತ್ತಿದ್ದ ಸೀಟಿನಲ್ಲಿ ಅವರು ಕೂತಿದ್ದರು.