ಟವಲ್ಲಿನೊಳಗಿನ ರೇಟು

ಕತ್ತಾಳೆ ಹಗ್ಗಕ್ಕೆ ಒಂದು ವಾಸನೆ ಇದೆ. ಅದಕ್ಕೆ ಚೂರು ಡೀಸೆಲ್ ತಾಗಿದರೆ ಇನ್ನೊಂದು. ಎದುರುಮನೆಯ ಜಗಲಿಯ ಮೊಳೆಯಲ್ಲಿ ಅಂಥದೊಂದು ಹಗ್ಗ ನೇತಾಡುತ್ತಿದೆ. ಮೊನ್ನೆ ಅತ್ತೆಗೆ ಮಾತ್ರೆ ಕೊಡಲು ಹೋದವಳು ಅದರ ಕೆಳಗೆ ನಿಂತು, ಮೂಗು ಮೇಲೆತ್ತಿ, ಬಂದ ಕೆಲಸವನ್ನೇ ಮರೆತೆ. ವಾಸನೆಯಿಂದ ನೆನಪು ಉಕ್ಕುತ್ತದೆ ಎನ್ನುವವರನ್ನು ಪುರಾವೆ ಕೇಳುವ ಜಾತಿ ನನ್ನದು. ಆದರೂ ನಿಂತಿದ್ದೆನಲ್ಲ...

ಎದುರುಮನೆ ಮಾವ ನಮಗೆ ನೆಂಟರೇನಲ್ಲ. ಮದ್ದೂರಿನ ನಮ್ಮ ಬೀದಿಯಲ್ಲಿ ಎದುರಿಗಿದ್ದವರು ಮಾವ, ಅವರ ಹೆಂಡತಿ ಅತ್ತೆ, ಪಕ್ಕದಲ್ಲಿದ್ದವರು ದೊಡ್ಡಪ್ಪ, ಅಷ್ಟೇ ವಂಶವೃಕ್ಷ. ಅವರು ದನದ ಸಂತೆಯಲ್ಲಿ ದಳ್ಳಾಳಿಯಾಗಿದ್ದರು. ಪೂರಿಗಾಲಿಯಿಂದ ಚಿಕ್ಕರಸಿನಕೆರೆವರೆಗೆ ಅವರು ಬೆರಳು ಹಿಡಿಯದ ರೈತನಿರಲಿಲ್ಲ. ಬೆರಳು ಯಾಕೆಂದರೆ, ಅವರ ವ್ಯಾಪಾರವೆಲ್ಲ ಟವಲ್ಲಿನ ಒಳಗೇ. ಮಾರುವವನ ಕೈಯ ಮೇಲೆ ಹೆಗಲ ಟವಲ್ಲು ಹೊದಿಸಿ, ಒಳಗಿನಿಂದ ಬೆರಳು ಒತ್ತಿ, ಒತ್ತಿದ ಬೆರಳಿನ ಲೆಕ್ಕದಲ್ಲಿ ರೇಟು ತಿಳಿಸುವುದು. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ಟವಲ್ಲಿನ ಅಲುಗಾಟ ಮಾತ್ರ.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ಕಪ್ಪು ಹೊತ್ತು ತರುತ್ತಿದ್ದ ಕಾಲ. ಇದು ಪಾರದರ್ಶಕವಲ್ಲ, ರೇಟನ್ನು ಬಹಿರಂಗವಾಗಿ ಕೂಗಬೇಕು ಎಂದು ಅವರ ಜಗಲಿಯ ಮೇಲೇ ವಾದ ಹೂಡಿದ್ದೆ.

"ಕೂಗಕ್ಕೆ ಅದೇನು ಸೊಪ್ಪಾ ಲಾಯರಮ್ಮ?" ಎಂದರು ಮಾವ. ನಾನು ಓದುತ್ತಿದ್ದದ್ದು ಬಿ.ಕಾಂ. ಅದು ಅವರಿಗೆ ಮುಖ್ಯವಾಗಿರಲಿಲ್ಲ. "ಮಾರೋನು ಕಷ್ಟಕ್ಕೆ ಮಾರ್ತನೆ. ಎಷ್ಟಕ್ಕೆ ಸೋತ ಅಂತ ಊರಿಗೆಲ್ಲಾ ಯಾಕೆ ಗೊತ್ತಾಗ್ಬೇಕು?"

"ನೀವು ಎರಡೂ ಕಡೆ ಕಮಿಷನ್ ತಗೊಳ್ಳೋದು ಗೊತ್ತಾಗಬಾರದು, ಅದಕ್ಕೆ ಟವಲ್ಲು."

ಅವರು ಅದೇ ಟವಲ್ಲಿನಿಂದ ಮುಖ ಒರೆಸಿಕೊಂಡು ನಕ್ಕರು. ಉತ್ತರ ಕೊಡದೆ ಗೆಲ್ಲುವ ಆ ವಿದ್ಯೆಯನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಅತ್ತೆಯ ಮಂಡಿ ಹಿಡಿದುಕೊಂಡ ಮೇಲೆ ಬಸ್ಸು ಹತ್ತುವುದು ನಿಂತಿತು. ಜೊತೆಗೆ ಮುತ್ತತ್ತಿ ಆಂಜನೇಯನ ದರ್ಶನವೂ. "ಊರೋರ ಕೊಟ್ಟಿಗೆಗೆಲ್ಲಾ ಎತ್ತು ತುಂಬುದೆ. ಎಂಡ್ರನ್ನ ಕೂರ್ಸಕ್ಕೆ ಒಂದು ಗಾಡಿ ತರ್ನಿಲ್ಲ," ಎಂದು ಅತ್ತೆ ಬೀದಿಗೆ ಕೇಳುವಂತೆ ಅಂದಳು. ಮಾವ ತಮ್ಮ ಕೊನೆಯ ಎತ್ತಿನ ಜೋಡಿಯನ್ನು ಮಾರಿದರು. ಬರುವ ಶನಿವಾರ ಕಾರಿನಲ್ಲೇ ಮುತ್ತತ್ತಿ ಎಂದು ಬೀದಿಗೆ ಕೇಳುವಂತೆ ಅವರೂ ಅಂದರು. ಓಡಿಸಲು ನಾನಿದ್ದೆ, ಲೈಸೆನ್ಸ್ ಸಿಕ್ಕಿ ಕಾರು ಸಿಗದವಳು.

ಸಾಲ ಕಟ್ಟದವರಿಂದ ಎಳೆದು ತಂದ ಕಾರುಗಳನ್ನು ಮಂಡ್ಯದಾಚೆಯ ಒಂದು ಯಾರ್ಡಿನಲ್ಲಿ ಹರಾಜು ಹಾಕುತ್ತಿದ್ದರು. ಮೊದಲು ಡಿಪಾಸಿಟ್ಟು ಕಟ್ಟಬೇಕು. ಕೂಗು ನಮ್ಮ ಹೆಸರಿಗೆ ನಿಂತಮೇಲೆ ಪೂರ್ತಿ ದುಡ್ಡು ಕಟ್ಟದಿದ್ದರೆ ಡಿಪಾಸಿಟ್ಟು ಮುಳುಗುತ್ತದೆ. ಹೊರಡುವಾಗ ಮಾವನ ಕೈಯಲ್ಲಿ ಹೊಸ ಕತ್ತಾಳೆ ಹಗ್ಗ. ನಮ್ಮ ಕಡೆ ದನ ಮಾರುವವನು ಹಗ್ಗ ಕೊಡುವುದಿಲ್ಲ, ಅದರ ಜೊತೆ ಮನೆಯ ಲಕ್ಷ್ಮಿಯೂ ಹೊರಟುಬಿಡುತ್ತಾಳೆ ಎಂದು. ಕೊಳ್ಳುವವನು ತನ್ನ ಹಗ್ಗ ತಾನೇ ತರಬೇಕು.

"ಕಾರಿಗೆ ಮೂಗುದಾರ ಹಾಕ್ತೀರಾ ಮಾವ?"

"ಸುಮ್ಕೆ ನಡಿ ಮಗ. ಬರಿಗೈಲಿ ಓಗಬಾರ್ದು."

ಯಾರ್ಡಿನಲ್ಲಿ ಅವರು ಕಾರುಗಳ ಬಾನೆಟ್ ಎತ್ತಿ, ಎತ್ತಿನ ಹಲ್ಲು ನೋಡುವಂತೆ ನೋಡಿದರು. ಹಿಂಬದಿಗೆ ಒಂದೊಂದು ಏಟು ಕೊಟ್ಟರು. ಒಂದು ಕಾರಿನ ಹಣೆಯ ಮೇಲೆ ಗೀರಿತ್ತು; ಸುಳಿ ಸರಿಯಿಲ್ಲ ಎಂದು ಬಿಟ್ಟರು. ಕೊನೆಗೆ ಒಂದು ಬಿಳಿ ಕಾರು ಒಪ್ಪಿಗೆಯಾಯಿತು. ಅದರ ಬ್ಯಾಟರಿ ಸತ್ತಿತ್ತು. "ಸಾಧು ಅದೆ," ಎಂದರು ಮಾವ.

ಹರಾಜು ಶುರುವಾಗಿ ಎಲ್ಲರೂ ಕೈಯೆತ್ತಿ ಕೂಗುತ್ತಿದ್ದರೆ ಮಾವ ಬಾಯಿ ಬಿಡಲಿಲ್ಲ. ನೇರ ಮೈಕಿನವನ ಮೇಜಿಗೆ ನಡೆದುಹೋಗಿ, ಅವನ ಕೈಯ ಮೇಲೆ ಟವಲ್ಲು ಹೊದಿಸಿ, ಬೆರಳು ಒತ್ತಿದರು. ಆ ಮನುಷ್ಯ ಗಾಬರಿಯಿಂದ ಮೈಕಿನಲ್ಲೇ, "ಯಜಮಾನ್ರೇ, ಕೈ ಬಿಡಿ ಯಜಮಾನ್ರೇ," ಎಂದ. ಇಡೀ ಯಾರ್ಡು ನಕ್ಕಿತು. ನಾನು ಕೂಗಿದೆ, ಕಾರು ನಮ್ಮದಾಯಿತು. ಮಾವ ತೃಪ್ತಿಯಿಂದ ಟವಲ್ಲು ಕೊಡವಿದರು. "ಸರಿ, ಈಗ ಯಾಪಾರ ಸುರು ಮಾಡವಾ."

ವ್ಯಾಪಾರ ಶುರುವಾದದ್ದು ನಿಜ, ಅವರ ಅರ್ಥದಲ್ಲಲ್ಲ. ಹರಾಜಿನಲ್ಲಿ ಕೂಗಿದ ಬೆಲೆ ಕಾರಿನ ಬೆಲೆಯಲ್ಲ ಎಂಬುದು ಹಣ ಕಟ್ಟುವ ಕಿಟಕಿಯ ಮುಂದೆ ಗೊತ್ತಾಗುತ್ತದೆ. ಬೆಲೆಯ ಮೇಲೆ ಯಾರ್ಡಿನ ಕಮಿಷನ್. ಕಮಿಷನ್ನಿನ ಮೇಲೆ ತೆರಿಗೆ. ಕಾಗದಪತ್ರದ ಚಾರ್ಜು. ಇವತ್ತೇ ಒಯ್ಯದಿದ್ದರೆ ನಾಳೆಯಿಂದ ದಿನಬಾಡಿಗೆ. ಹೆಸರು ಬದಲಾಯಿಸುವ ಖರ್ಚು ಬೇರೆ, ಅದು ಆರ್‌ಟಿಓ ಕಚೇರಿಗೆ. ಹಳೇ ಮಾಲೀಕ ಸಿಗ್ನಲ್ ಹಾರಿದ ದಂಡವೂ ನಮ್ಮದೇ.

"ಅಲ್ಲ ಕಣಪ್ಪ," ಎಂದರು ಮಾವ, "ಹಳೇ ಯಜಮಾನ ಕುಡ್ದು ಗಲಾಟೆ ಮಾಡುದ್ರೆ ಎತ್ತಿಗೆ ದಂಡ ಹಾಕ್ತರಾ?"

ನಾನು ಮುಂದೆ ಬಂದು ಮೂರು ತಲೆಬರಹಗಳಡಿ ವಾದ ಮಂಡಿಸಿದೆ: ನ್ಯಾಯ, ತರ್ಕ, ಗ್ರಾಹಕನ ಹಕ್ಕು. ಗುಮಾಸ್ತ ಪೂರ್ತಿ ಕೇಳಿದ. "ಮುಗೀತಾ ಮೇಡಂ? ಕ್ಯಾಷಾ, ಕಾರ್ಡಾ?" ಎಂದ.

ಮಾವ ಒಳಜೇಬಿನ ದುಡ್ಡು ತೆಗೆದರು. ಎಲ್ಲ ಚಾರ್ಜಿಗೂ ಹೇಗೋ ಸರಿಹೋಗುತ್ತಿತ್ತು, ಕೊನೆಯದೊಂದಕ್ಕೆ ಸಾಲಲಿಲ್ಲ. ಓಡದ ಗಾಡಿಯನ್ನು ಯಾರ್ಡಿನ ಕ್ರೇನು ಗೇಟಿನಾಚೆ ಎಳೆದು ಬಿಡುವ ಚಾರ್ಜು. ಮಾವನ ಮುಖ ಮೊದಲ ಸಲ ಇಳಿಯಿತು. ಅತ್ತೆ ಅಷ್ಟು ಹೊತ್ತಿಗೆ ನಿಂಬೆಹಣ್ಣು, ಹೂವು ಜೋಡಿಸಿಟ್ಟು ಬೀದಿಯಲ್ಲಿ ಕಾಯುತ್ತಿರುತ್ತಾಳೆ. ಎತ್ತಂತೂ ವಾಪಸ್ಸು ಬರುವುದಿಲ್ಲ...

ಷರತ್ತಿನ ಹಾಳೆ ಕಿತ್ತುಕೊಂಡು ಓದಿದೆ. 'ಖರೀದಿದಾರರು ಸ್ವಂತ ವ್ಯವಸ್ಥೆಯಿಂದಲೂ ಸಾಗಿಸಬಹುದು' ಎಂದಿತ್ತು. "ಸ್ವಂತ ವ್ಯವಸ್ಥೆ ಎಲ್ಲಿದೆ?" ಎಂದ ಗುಮಾಸ್ತ. ಮಾವ ಹೆಗಲಿನ ಹಗ್ಗ ಇಳಿಸಿ ಕಿಟಕಿಯ ಮುಂದಿಟ್ಟರು.

ಕಬ್ಬು ಇಳಿಸಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರಿನವನು ಅವರ ಹಳೇ ಗಿರಾಕಿಯೇ ಆಗಿದ್ದ. ಡೀಸೆಲ್ ಸೋರುವ ಆ ಟ್ರ್ಯಾಕ್ಟರಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು, ನಮ್ಮ ಕಾರು ಮದ್ದೂರಿಗೆ ಎತ್ತಿನಂತೆಯೇ ನಡೆದು ಬಂತು. ಅತ್ತೆ ಆರತಿ ತಟ್ಟೆ ಹಿಡಿದು, "ಕಾರು ತತ್ತೀನಿ ಅಂದೆ, ಟ್ರ್ಯಾಕ್ಟರ್ ತಂದಿದ್ದೀಯಲ್ಲಾ," ಎಂದಳು. ಸಾಲಕ್ಕೆ ಬ್ಯಾಟರಿ ಹಾಕಿಸಿ ಶನಿವಾರ ಮುತ್ತತ್ತಿಗೆ ಹೋದೆವು. ಮಾವ ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ "ಹೋ, ಹೋ" ಎನ್ನುತ್ತ ನನ್ನ ಬದಲು ತಾವೇ ಬ್ರೇಕು ಹಾಕಿದರು...

ಮಾವ ತೀರಿಹೋದ ಮೇಲೆ ಕಾರು ಜಗಲಿಯ ಮುಂದೆ ಧೂಳು ಹೊದ್ದು ನಿಂತಿತು. ಮಾರೋಣ ಎಂದು ಅತ್ತೆಯೇ ಹೇಳಿದಳು. ಅದೇ ಯಾರ್ಡು, ಈ ಸಲ ಮಾರುವ ಕಡೆ. ಒಳಗೆ ನಿಲ್ಲಿಸಲು ಚಾರ್ಜು, ತೊಳೆಯಲು ಚಾರ್ಜು, ಬಂದ ಬೆಲೆಯಲ್ಲಿ ಕಮಿಷನ್ ಕಡಿತ, ಅದರ ಮೇಲೆ ತೆರಿಗೆ. ಎರಡೂ ಕಡೆ ತಗೊಳ್ಳುತ್ತಾರೆ, ಮಾವನ ಹಾಗೇ. ಕೂಗಿದ ಬೆಲೆಯೇ ಕಡಿಮೆ. ಕೈಗೆ ಬಂದದ್ದು ಇನ್ನೂ ಕಡಿಮೆ. ಕೊಂಡವನು ಪಕ್ಕದಲ್ಲೇ ನಿಂತು, ಕಾರು ಸವೆದುಹೋಗಿದೆ ಎಂದು ಗೆಳೆಯನಿಗೆ ಹೇಳಿ ನಗುತ್ತಿದ್ದ.

"ಕೈಗೆ ಎಷ್ಟು ಬಂತು ಮಗ?" ಎಂದಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ.

ಬಹಿರಂಗವಾಗಿ ಕೂಗಬೇಕು ಎಂದವಳು ನಾನೇ. ಅವಳ ಬ್ಯಾಗಿನಲ್ಲಿ ಮಾವನ ಟವಲ್ಲಿತ್ತು. ತೆಗೆದು ಅವಳ ಕೈಯ ಮೇಲೆ ಹೊದಿಸಿ, ಒಳಗೆ ಬೆರಳು ಒತ್ತಿದೆ. ಅತ್ತೆ ಕೊಂಡವನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಒಳಗಿನಿಂದಲೇ ನನ್ನ ಇನ್ನೊಂದು ಬೆರಳು ಸೇರಿಸಿ ಒತ್ತಿದಳು. ದಳ್ಳಾಳಿಯ ಹೆಂಡತಿ; ನನ್ನ ಹತ್ತಿರ ಚೌಕಾಸಿ.

ಕೀ ಕೊಡುವ ಮುಂಚೆ ಅವಳು ಡಿಕ್ಕಿ ತೆಗೆಸಿ ಹಗ್ಗ ಎತ್ತಿಕೊಂಡಳು.

ಮೊನ್ನೆ ಆ ಹಗ್ಗದ ಕೆಳಗೆ ನಿಂತ ನನ್ನನ್ನು ಅತ್ತೆ ಒಳಗಿನಿಂದಲೇ ಕೇಳಿದಳು: "ಯಾಕ್ ಮಗ, ಅಂಗೆ ನಿಂತ್ಕಂಡೆ?"

"ಲಕ್ಷ್ಮಿ ಹಗ್ಗದಲ್ಲಿರೋದು ನಿಜವಾದರೆ, ಇಷ್ಟು ದಿನದಲ್ಲಿ ಒಂದಾದರೂ ಲಕ್ಷಣ ಕಾಣಬೇಕಿತ್ತಲ್ಲ ಅತ್ತೆ?"

"ಮಾತ್ರೆ ಕೊಟ್ಟು ಮಾತಾಡು."

ಮುಂದಕ್ಕೂ ನನ್ನಲ್ಲಿ ವಾದದ ಅಂಶಗಳಿದ್ದವು, ಒಳ್ಳೆಯ ಅಂಶಗಳೇ. ಆದರೆ ಜಗಲಿಯಲ್ಲಿ ಟವಲ್ಲಿನಿಂದ ಮುಖ ಒರೆಸಿಕೊಂಡು ನಗುವವರು ಇರಲಿಲ್ಲ. ಮಾತ್ರೆ ಕೊಡಲು ಒಳಗೆ ಹೋದೆ.