ಗಂಗೆಯ ದಂಡೆಯಲ್ಲಿ ಅಪ್ಪ ಹೇಳಿದ ಸುದ್ದಿ

ನದಿ ಹಿಂದಕ್ಕೆ ಹರಿಯುವುದನ್ನು ನಾನು ಮೊದಲ ಸಲ ಕಂಡದ್ದು ಕಲ್ಕತ್ತೆಯಲ್ಲಿ. ಬೆಳಿಗ್ಗೆ ಕಡಲಿನ ಕಡೆಗೆ ತೇಲಿಹೋಗಿದ್ದ ಹೂವು, ಬಾಳೆದಿಂಡು ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದವು. ಕಡಲು ಉಬ್ಬಿ ನದಿಯೊಳಗೆ ನುಗ್ಗಿದಾಗ ಹಾಗಾಗುತ್ತದೆ, ಅದನ್ನು ಇಲ್ಲಿಯವರು ‘ಜೋವಾರ್’ ಎನ್ನುತ್ತಾರೆ ಎಂದು ಗಂಡ ವಿವರಿಸಿದರು. ನನಗೆ ತಲೆ ಸುತ್ತಿತು. ನಮ್ಮ ಕಡೆಯ ಪಾಲಾರ್ ನದಿಯಲ್ಲಿ ನಾನು ಮರಳು ಬಿಟ್ಟು ಬೇರೇನನ್ನೂ ಹೆಚ್ಚಾಗಿ ನೋಡಿದವಳಲ್ಲ.

ಎಂಬತ್ತರ ದಶಕದ ನಡುಭಾಗವದು. ಕೆ.ಜಿ.ಎಫ್.ನ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನಿಗೆ ಕಲ್ಕತ್ತೆಗೆ ವರ್ಗವಾಗಿತ್ತು. ಕಲ್ಲಿದ್ದಲು ಗಣಿಗಳಲ್ಲಿ ಕೆಟ್ಟುನಿಂತ ಯಂತ್ರಗಳನ್ನು ರಿಪೇರಿ ಮಾಡಲು ಹೋದರೆ ಹತ್ತು ಹದಿನೈದು ದಿನ ಬರುತ್ತಿರಲಿಲ್ಲ. ನಾನು ಭವಾನಿಪುರದ ಒಂದು ಹಳೇ ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬಳೇ. ಕೆ.ಜಿ.ಎಫ್.ನ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಬೆಳೆದವಳು ನಾನು. ಪಕ್ಕದ ಮನೆಯವರು ಕೆಮ್ಮಿದರೆ ಯಾರೆಂದು ಹೇಳಬಲ್ಲೆ. ಕನ್ನಡ, ತಮಿಳು, ತೆಲುಗು ಮೂರೂ ಮಾತಾಡಬಲ್ಲೆ. ಇಲ್ಲಿ ಮೂರರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಕೆಳಗಿನ ಮನೆಯ ಮುದುಕಿಯನ್ನು ಎಲ್ಲರೂ ಮಾಶಿಮಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಮೊದಲ ವರ್ಷ ನನ್ನ ಬಂಗಾಳಿ ಅಲ್ಲಿಗೇ ನಿಂತಿತ್ತು.

ಬಸುರಾಗಿ ಏಳು ತಿಂಗಳಾಗಿದ್ದಾಗ ಅಪ್ಪ ಬಂದ. ಒಂದು ಮಗುವನ್ನು ಅದಾಗಲೇ ಹೊಟ್ಟೆಯಲ್ಲೇ ಕಳೆದುಕೊಂಡಿದ್ದೆ. ರೈಲು ಹತ್ತಲೇಬೇಡಿ ಎಂದು ಡಾಕ್ಟರು ಹೇಳಿದ್ದರು. ತವರಿಗೆ ಹೋಗುವಂತಿಲ್ಲವಾದ್ದರಿಂದ ಅಮ್ಮನನ್ನೇ ಕಳಿಸಿ ಎಂದು ಬರೆದಿದ್ದೆ. ಬಂಗಾರಪೇಟೆಯಲ್ಲಿ ರೈಲು ಹತ್ತಿ, ಮದರಾಸಿನಲ್ಲಿ ಬದಲಿಸಿ ಬಂದದ್ದು ಅಪ್ಪ ಒಬ್ಬನೇ. ಕೈಯಲ್ಲಿ ರಾಗಿಹಿಟ್ಟಿನ ಚೀಲ. ಮೂವತ್ತು ವರ್ಷ ಗಣಿಯೊಳಗೆ ಬಂಡೆ ಕೊರೆದು, ಎದೆಯಲ್ಲಿ ದೂಳು ತುಂಬಿಕೊಂಡು, ಕ್ಯಾಸಂಬಳ್ಳಿ ಪಕ್ಕದ ನಮ್ಮ ಹಳ್ಳಿಗೆ ಮರಳಿದ್ದ ಮನುಷ್ಯ. ಒಂದು ಮಹಡಿ ಹತ್ತಲು ಮೂರು ಸಲ ನಿಂತ.

“ಅಮ್ಮನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?” ಎಂದು ಕೇಳಿದೆ.

“ಅಸ ಈಯೋದೈತೆ ಕಣಮ್ಮ. ಬಿಟ್ಟು ಎಂಗ್ ಬತ್ತಾಳೆ?” ಎಂದ.

ನಾಲ್ಕು ದಿನ ಅದೇ ಪ್ರಶ್ನೆ, ಅದೇ ಉತ್ತರ. ಅಪ್ಪನ ಕೆಮ್ಮು ಕೇಳಲಾರದೆ ಮಾಶಿಮಾ, “ನಿನ್ನ ಬಾಬಾನನ್ನು ಗಂಗೆಯ ದಂಡೆಗೆ ಕರೆದುಕೊಂಡು ಹೋಗು, ಹಾವಾ ಖಾಬೇನ್” ಎಂದಳು. ಗಾಳಿ ತಿನ್ನುತ್ತಾರೆ ಎಂದು ಅದರರ್ಥ. ಬಂಗಾಳಿಯಲ್ಲಿ ಅನ್ನ, ನೀರು, ಗಾಳಿ ಎಲ್ಲವನ್ನೂ ತಿನ್ನುವುದೇ.

ಅಪ್ಪನನ್ನು ಸ್ಟ್ರ್ಯಾಂಡಿಗೆ ಕರೆದುಕೊಂಡು ಹೋದೆ. ಅದು ಬ್ರಿಟಿಷರು ಸಂಜೆಯ ತಿರುಗಾಟಕ್ಕೆಂದು ನದಿಯುದ್ದಕ್ಕೂ ಮಾಡಿದ್ದ ಹಾದಿ. ಸಾಲುಮರ, ಕಬ್ಬಿಣದ ಬೆಂಚು, ನೀರಿಗಿಳಿಯುವ ಘಾಟಿನ ಮೆಟ್ಟಿಲು, ದಪ್ಪ ಬಿಳಿ ಕಂಬಗಳ ಮಂಟಪ.

“ಇದೂ ದೊರೆಗಳು ಮಾಡಿದ್ದಾ?” ಅಪ್ಪ ಕೇಳಿದ. ಹೂಂ ಎಂದೆ. “ಚಿನ್ನ ತಕ್ಕೊಂಡು ನಮ್ಗೆ ಬರೀ ಸೈನೈಡ್ ಮಣ್ಣಿನ ಗುಡ್ಡ ಬಿಟ್ಟೋದ್ರು” ಎಂದು ಬೆಂಚಿನ ಮೇಲೆ ಕುಳಿತ.

ನಾನು ಹಟ ಹಿಡಿದೆ. “ಅಮ್ಮ ಬರದೇ ಇದ್ರೆ ನಾನೇ ನಿನ್ ಜೊತೆ ಹೊರಡ್ತೀನಿ. ಡಾಕ್ಟ್ರು ಏನಾದ್ರೂ ಹೇಳ್ಲಿ.”

ಅಪ್ಪ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. “ನಿಮ್ಮಮ್ಮ ಇಲ್ಲ ಕಣಮ್ಮ. ಓಗ್ಬುಟ್ಳು. ಇಪ್ಪತ್ತು ದಿನ ಆಯ್ತು. ಎದೆನೋವು ಅಂದ್ಲು. ಬಸ್ಸಿಗೆ ಕಾಯ್ತಾ ನನ್ ತೊಡೆ ಮೇಲೇ...”

“ಮತ್ತೆ ಆ ಕಾಗದ?” ಅಮ್ಮ ಆಶೀರ್ವಾದ ಹೇಳಿದ್ದಾಳೆ ಎಂದು ಅಣ್ಣ ಬರೆದ ಕಾಗದ ಹಿಂದಿನ ವಾರವಷ್ಟೇ ಬಂದಿತ್ತು.

“ನಾನೇ ಬರ್ಸಿದ್ದು. ನಿನ್ ಗಂಡಂಗೂ ಗೊತ್ತು. ಎರಿಗೆ ಆಗೋಗಂಟ ಏಳ್ಬಾರ್ದು ಅಂತಿದ್ವಿ. ನೀನು ರೈಲು ಅತ್ತೀನಿ ಅಂತೀಯ, ಏನ್ ಮಾಡ್ಲಿ?”

ನಾನು ಎದ್ದು ನಡೆದುಬಿಟ್ಟೆ. “ನಿಲ್ಲಮ್ಮ, ನಿಲ್ಲಮ್ಮ” ಎನ್ನುತ್ತ ಅಪ್ಪ ಹಿಂದೆಯೇ ಬಂದ. ಆಮೇಲೆ ಬರೀ ಕೆಮ್ಮು ಕೇಳಿಸಿತು. ತಿರುಗಿ ನೋಡಲಿಲ್ಲ. ಮುಂದಿನ ಘಾಟಿನ ಮೆಟ್ಟಿಲವರೆಗೂ ನೋಡಲಿಲ್ಲ. ಇವತ್ತಿಗೂ ನನ್ನನ್ನು ಚುಚ್ಚುವುದು ಅದು.

ಕೊನೆಗೆ ತಿರುಗಿದಾಗ ಅಪ್ಪ ನೆಲದ ಮೇಲೆ ಕುಳಿತಿದ್ದ. ಚಹಾ ಮಾರುವವನೊಬ್ಬ ಬಗ್ಗಿ, “ಜಲ್ ಖಾಬೇನ್? ಜಲ್ ಖಾಬೇನ್?” ಎಂದು ಕೇಳುತ್ತಿದ್ದ. ಅರ್ಥವಾಗದೆ ಅಪ್ಪ ಕೈಮುಗಿಯುತ್ತಿದ್ದ. ನಾನು ಓಡಿದೆ.

“ಅಪ್ಪಾ, ನೀರು ಕುಡೀತೀಯಾ ಅಂತ ಕೇಳ್ತಾ ಇದಾರೆ.”

ನೀರು ಕುಡಿದ. ಇಬ್ಬರೂ ಅಲ್ಲೇ ಕುಳಿತು ಅತ್ತೆವು.

“ನಾನ್ ಓಗಲ್ಲ. ಬಾಣಂತನ ನಾನೇ ಮಾಡ್ತೀನಿ” ಎಂದ ಅಪ್ಪ. ಮಾಡಿದ ಕೂಡ. ಮಗಳು ಹುಟ್ಟಿದ ಮೇಲೆ ನನಗೆ ನೀರು ಕಾಯಿಸಿದ, ಸಾರು ಮಾಡಿದ, ಬಟ್ಟೆ ಒಗೆದ. ಮಗುವಿಗೆ ಎಣ್ಣೆ ಹಚ್ಚುವುದನ್ನು ಮಾತ್ರ ಮಾಶಿಮಾಗೆ ಬಿಟ್ಟ. ಬಂಡೆ ಕೊರೆದ ಕೈ ಒರಟೆಂದು ಅವನಿಗೆ ಭಯ. ಮೂರು ತಿಂಗಳು ಇದ್ದು ಊರಿಗೆ ಹೋದ. ಮರುವರ್ಷ ಅವನೂ ಹೋದ. ಆ ಸಲ ತಂತಿ ತಕ್ಷಣ ಬಂತು.

ಈಗ ಮಗಳಿಗೆ ಆರು ವರ್ಷ. ನನ್ನೊಂದಿಗೆ ಕನ್ನಡ ಆಡುತ್ತಾಳೆ, ನಿದ್ದೆಯಲ್ಲಿ ಕನವರಿಸುವುದು ಬಂಗಾಳಿಯಲ್ಲಿ. ಊರಿಗೆ ಹೋದಾಗ ಅಣ್ಣ ಹೊಲದಲ್ಲಿ ಅಮ್ಮನನ್ನು ಮಣ್ಣು ಮಾಡಿದ ಜಾಗ ತೋರಿಸುತ್ತಾನೆ. ಅಲ್ಲಿ ನನಗೆ ಅಳುವೇ ಬರುವುದಿಲ್ಲ. ಊರಿನ ಮನೆಯಲ್ಲಿ ಅಮ್ಮ ಇನ್ನೂ ಒಳಗೆಲ್ಲೋ ಕೆಲಸ ಮಾಡುತ್ತಿದ್ದಾಳೆ ಅನ್ನಿಸುತ್ತದೆ. ನನ್ನ ಪಾಲಿಗೆ ಅವಳು ತೀರಿಕೊಂಡದ್ದು ಸ್ಟ್ರ್ಯಾಂಡಿನ ಬೆಂಚಿನ ಹತ್ತಿರ.

ಗಂಡ ಕೆ.ಜಿ.ಎಫ್.ಗೆ ವರ್ಗ ಕೇಳಿ ಅರ್ಜಿ ಬರೆದಿಟ್ಟಿದ್ದಾರೆ. ಕಳಿಸಲಾ ಎಂದು ದಿನವೂ ಕೇಳುತ್ತಾರೆ. ಇದನ್ನು ಓದುವ ನಮ್ಮ ಊರಿನವರು ಬಾ ಎಂದೇ ಹೇಳುತ್ತೀರಿ, ಗೊತ್ತು. ಆ ಬೆಂಚು ಇರುವುದು ಇಲ್ಲಿ. ನನಗಿನ್ನೂ ಹೂಂ ಎನ್ನಲು ಆಗಿಲ್ಲ.